ನಿಮ್ಮಪ್ಪ ಏನಂದ್ರು?

ಅಪ್ಪರ್ ಹಟ್‌ನಲ್ಲಿ ಮನುಷ್ಯ ಬಾಯಿ ತೆರೆಯದೆಯೇ ಸೋಮವಾರದಿಂದ ಶುಕ್ರವಾರದವರೆಗೆ ಬದುಕಿಬಿಡಬಹುದು. ಇದನ್ನು ಊರಿನ ಮೇಲಿನ ದೂರು ಎಂದು ತಿಳಿಯಬೇಡಿ. ಊರು ಒಳ್ಳೆಯದೇ. ಸುತ್ತ ಬೆಟ್ಟ, ಪಕ್ಕದಲ್ಲಿ ನದಿ, ಹೊತ್ತಿಗೆ ಸರಿಯಾಗಿ ರೈಲು. ಎದುರುಮನೆಯಾತ ಬೆಳಿಗ್ಗೆ ಕೈ ಬೀಸುತ್ತಾನೆ, ನಾನೂ ಬೀಸುತ್ತೇನೆ. ವರ್ಷಗಟ್ಟಲೆಯಿಂದ ಬೀಸುತ್ತಲೇ ಇದ್ದೇವೆ, ನಮ್ಮ ಸಂಬಂಧ ಮೊಣಕೈಯಿಂದ ಮುಂದಕ್ಕೆ ಬೆಳೆದಿಲ್ಲ. ನನ್ನ ಕೆಲಸವೂ ಮನೆಯಿಂದಲೇ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. (ನನ್ನಲ್ಲಿ ತಪ್ಪು ಹುಡುಕುವ ಹುದ್ದೆ ಮದುವೆಯ ದಿನವೇ ಭರ್ತಿಯಾಗಿದ್ದರಿಂದ ನಾನು ಹೊರಗಿನ ತಪ್ಪುಗಳಿಗೆ ಕೈ ಹಾಕಬೇಕಾಯಿತು.) ಹುಡುಕಿದ ತಪ್ಪನ್ನು ಟೈಪ್ ಮಾಡಿ ಕಳಿಸಿದರೆ ಆಯಿತು, ಅದಕ್ಕೂ ಬಾಯಿ ಬೇಕಿಲ್ಲ.

ಆ ಹುದ್ದೆಯಲ್ಲಿದ್ದ ನನ್ನ ಹೆಂಡತಿ ಶ್ರೀವಿದ್ಯಾ ಈಗ ಮನೆಯಲ್ಲಿಲ್ಲ. ಗಾಬರಿಯಾಗಬೇಡಿ, ಬಿಟ್ಟು ಹೋಗಿಲ್ಲ, ಆಕ್ಲೆಂಡಿಗೆ ಹೋಗಿದ್ದಾಳೆ. ಅಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ವರ್ಷದ ಮಟ್ಟಿಗೆ ಕೆಲಸ ಸಿಕ್ಕಿದೆ. ನಮ್ಮ ದೇಶದವರೇ ತುಂಬಿರುವ ಪಾಪಟೋಟೊಯಿ ಬಡಾವಣೆಯಲ್ಲಿ ರೂಮು ಹಿಡಿದಿದ್ದಾಳೆ. ಬೀದಿಗೆ ಇಳಿದರೆ ಎಳೆಯ ಬೆಂಡೆಕಾಯಿ, ಕರಿಬೇವು, ಮಾತಿಗೆ ಬೇಕಾದಷ್ಟು ಆಂಟಿಯರು. ತಿಂಗಳಿಗೊಮ್ಮೆ ವಿಮಾನದಲ್ಲಿ ಬಂದಿಳಿದು, ಫ್ರಿಜ್ಜು ತೊಳೆದು, ನನ್ನನ್ನು ಬೈದು ಹೋಗುತ್ತಾಳೆ. ಮೊದಲು ದಿನಾ ಚಿಲ್ಲರೆಯಾಗಿ ಸಿಗುತ್ತಿದ್ದ ಬೈಗುಳ ಈಗ ಸಗಟಿನಲ್ಲಿ ಸಿಗುತ್ತಿದೆ. ನಿಜ ಹೇಳಬೇಕೆಂದರೆ ಚಿಲ್ಲರೆಯೇ ಚೆನ್ನಾಗಿತ್ತು. ಒಗ್ಗರಣೆ ಹಾಕುವಾಗ ಹಿಂದಿನಿಂದ ಯಾರೂ “ರೀ, ಇಂಗು ಹಾಕಿದ್ರಾ?” ಎನ್ನದಿದ್ದರೆ ಸಾರು ಮಾಡಿದ ಹಾಗೇ ಅನ್ನಿಸುವುದಿಲ್ಲ.

ಇನ್ನು ಉಳಿದವಳು ಮಗಳು ಕೃಪಾ. ಹನ್ನೊಂದು ವರ್ಷ. ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ, ಅದೂ ಒಂದು ಪದಕ್ಕಿಂತ ಹೆಚ್ಚು ಬಂದರೆ ಆ ದಿನ ಹಬ್ಬ. ಸ್ಕೂಲ್ ಹೇಗಿತ್ತು ಪುಟ್ಟಿ ಎಂದರೆ “ಫೈನ್.” ಏನು ಪಾಠ ಮಾಡಿದರು ಎಂದರೆ “ಸ್ಟಫ್.” ಆಮೇಲೆ ಕಿವಿಗೆ ಹೆಡ್‌ಫೋನು. ಅದು ಕಿವಿಯ ಮೇಲೆ ಕೂತಿತೆಂದರೆ ಮನೆಗೆ ಬೀಗ ಬಿದ್ದ ಹಾಗೆ. ಸ್ಕೂಲಿನಲ್ಲೂ ಇವಳ ಬಾಯಿ ಅಷ್ಟಕ್ಕಷ್ಟೇ ಎಂದು ಟೀಚರು ಹೇಳಿದ್ದರು. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಈ ದೇಶದಲ್ಲಿ ಎರಡನ್ನೂ ಒಂದೇ ಮುಗುಳ್ನಗೆಯಲ್ಲಿ ಹೇಳುತ್ತಾರೆ.

ಹೀಗೆ ಮೌನವ್ರತದಲ್ಲಿದ್ದ ನನಗೆ ಶನಿವಾರದ ಫುಟ್‌ಬಾಲ್ ಪಂದ್ಯದಲ್ಲಿ ಜ್ಞಾನೋದಯವಾಯಿತು.

ಕೃಪಾ ನಮ್ಮ ಬಡಾವಣೆಯ ಕ್ಲಬ್ಬಿನ ಹುಡುಗಿಯರ ತಂಡದಲ್ಲಿ ಆಡುತ್ತಾಳೆ. ಶನಿವಾರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬೂಟಿನ ಕೆಳಗೆ ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತಿರುತ್ತದೆ. ಮೈದಾನದ ಸುತ್ತ ಬಿಳಿ ಗೆರೆ. ಗೆರೆಯ ಒಳಗೆ ಮಕ್ಕಳು, ಹೊರಗೆ ಕಾಫಿ ಹಿಡಿದುಕೊಂಡು ಕೂಗುವ ತಂದೆತಾಯಂದಿರು. ಓಡು, ಒದಿ, ಹಿಂದೆ ಹೋಗು, ಮುಂದೆ ಬಾ ಎಂದು ಒಬ್ಬೊಬ್ಬರದೂ ಒಂದೊಂದು ಉಪದೇಶ. ವಾರವಿಡೀ ಸಾರಿ, ಥ್ಯಾಂಕ್ಯೂ ಎಂದು ಮೆಲ್ಲಗೆ ಮಾತಾಡುವ ಈ ಜನ ಅಲ್ಲಿ ಗಂಟಲು ಹರಿದುಕೊಳ್ಳುವುದನ್ನು ನೋಡಿ ನನಗೆ ಮೈಸೂರಿನ ತರಕಾರಿ ಮಾರುಕಟ್ಟೆಯೇ ನೆನಪಾಗಿ ಕಣ್ಣು ತುಂಬಿ ಬಂತು. ನಾನೂ ಒಮ್ಮೆ “ಕೃಪಾ, ಎಡಗಡೆ ಹೋಗೇ” ಎಂದು ಕೂಗಿದೆ. ಅವಳು ತಿರುಗಿ ನೋಡಿದಳು. ಹೆಡ್‌ಫೋನ್ ಇರಲಿಲ್ಲ. ಕದ ಹಾಕಿಕೊಳ್ಳಲು ರೂಮಿರಲಿಲ್ಲ. ಗೆರೆ ದಾಟಿ ಓಡಿಹೋಗುವ ಹಾಗೂ ಇರಲಿಲ್ಲ. ಮಗಳು ಒಂದು ಗಂಟೆ ಹೊತ್ತು ನನ್ನ ಮಾತಿಗೆ ಸಿಕ್ಕಿಬಿದ್ದಿದ್ದಳು.

ಫುಟ್‌ಬಾಲಿನ ಬಗ್ಗೆ ನನಗಿದ್ದ ಜ್ಞಾನಭಂಡಾರ ಮೊದಲ ಐದು ನಿಮಿಷಕ್ಕೇ ಬರಿದಾಯಿತು. (ನಾನು ಕ್ರಿಕೆಟ್ ಮನುಷ್ಯ. ಅದರಲ್ಲೂ ಸ್ಕೋರ್ ಕೇಳುವ ಜಾತಿ.) ಆದರೆ ಮಾತು ಖಾಲಿಯಾಗಿರಲಿಲ್ಲ. ಹಾಗಾಗಿ ಎಡಗಡೆ, ಬಲಗಡೆ ಎಂದು ಶುರುಮಾಡಿ, ಅದೇ ಏರುದನಿಯಲ್ಲಿ, ಕೈ ಬೀಸಿಕೊಂಡೇ ಮನೆಯ ವಿಷಯಕ್ಕೆ ಇಳಿದೆ. “ಕೃಪಾ, ಮುಂದೆ ಹೋಗು, ಮೈಸೂರಲ್ಲಿ ನಿನ್ ಸೋದರತ್ತೆಗೆ ಮಂಡಿ ಆಪರೇಷನ್ ಆಯ್ತಂತೆ, ಪಾಪ ಈಗ ಕೋಲು ಹಿಡ್ಕೊಂಡು ನಡೀತಾರಂತೆ, ಬಾಲ್ ಬಿಡಬೇಡ!” ಎಂದೆ. ಮುಂದಿನ ವಾರ ನಮ್ಮಮ್ಮ ಫೋನಿನಲ್ಲಿ ಹೇಳಿದ್ದು, ತೋಟದಲ್ಲಿ ಕೊತ್ತಂಬರಿ ಮೊಳೆಯದೇ ಹೋದದ್ದು, ನಾನು ಮೊದಲ ಸಲ ಸೈಕಲ್ಲಿನಿಂದ ಬಿದ್ದ ಕಥೆ, ಎಲ್ಲವನ್ನೂ ಕಾರ್ನರ್ ಕಿಕ್ಕುಗಳ ನಡುವೆ ಕಂತಿನಲ್ಲಿ ಹೇಳಿದೆ. ವಾರವಿಡೀ ಶನಿವಾರಕ್ಕೆಂದು ವಿಷಯ ಕೂಡಿಡತೊಡಗಿದೆ. ಇಡೀ ವಾರದಲ್ಲಿ ನಾನು ನನ್ನ ಮಗಳ ಜೊತೆ ನನ್ನ ಭಾಷೆಯಲ್ಲಿ ಮಾತಾಡುತ್ತಿದ್ದದ್ದು ಆ ಒಂದು ಗಂಟೆ. ಅದಿಲ್ಲದಿದ್ದರೆ ನಾನು ಆ ಚಳಿಗಾಲವನ್ನು ಹೇಗೆ ಕಳೆಯುತ್ತಿದ್ದೆನೋ ಗೊತ್ತಿಲ್ಲ.

ವಿಚಿತ್ರವೆಂದರೆ ತಂಡ ಗೆಲ್ಲತೊಡಗಿತು. ನಾನು ಕೂಗಿ ಮುಗಿಸಿದ ಕೂಡಲೇ ಹುಡುಗಿಯರೆಲ್ಲ ಕೃಪಾಳ ಕಡೆ ತಿರುಗಿ “ನಿಮ್ಮಪ್ಪ ಏನಂದ್ರು?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಅವಳು ಏನೋ ಹೇಳುತ್ತಿದ್ದಳು, ಅವರು ದಿಕ್ಕಾಪಾಲಾಗಿ ಓಡುತ್ತಿದ್ದರು. ನಮ್ಮನೆ ಸಮಾಚಾರಕ್ಕೆ ಈ ಮಕ್ಕಳಿಗೆ ಎಷ್ಟು ಆಸಕ್ತಿ ಎಂದು ನನಗೆ ಸಂತೋಷ. ಕೋಚ್ ಬ್ರೆಟ್‌ಗೆ ಬೇರೆಯೇ ಸಂತೋಷ. ಬ್ರೆಟ್ ಮನೆಗಳಿಗೆ ಚಾವಣಿ ಹಾಕುವವನು, ಹಿಂಬದಿ ತೆರೆದ ಯೂಟ್ ಗಾಡಿಯಲ್ಲಿ ಏಣಿಯ ಜೊತೆಗೇ ಚೆಂಡಿನ ಚೀಲ ಹೇರಿಕೊಂಡು ಬರುತ್ತಾನೆ, ಚಳಿಗಾಲದಲ್ಲೂ ಚಡ್ಡಿ. ಒಂದು ದಿನ ನನ್ನ ಭುಜದ ಮೇಲೆ ಕೈಯಿಟ್ಟು, ಇಷ್ಟು ವಿವರವಾಗಿ ಆಟವನ್ನು ಪುಸ್ತಕದ ಹಾಗೆ ಓದುವವರನ್ನು ತಾನು ಈ ಕಣಿವೆಯಲ್ಲೇ ಕಂಡಿಲ್ಲ ಎಂದ. ಗೋಲಿನಲ್ಲಿ ನಿಲ್ಲುವ ಸೀನಾ ಎಂಬ ಸಮೋವಾದ ಹುಡುಗಿಯ ತಾಯಿ (ನಮ್ಮ ಕಡೆ ಸೀನ ಎಂದರೆ ಶ್ರೀನಿವಾಸ, ಇಲ್ಲಿ ಎರಡು ಜಡೆ) ನನಗೆ ಕುರ್ಚಿ ತಂದುಕೊಟ್ಟಳು. ಎದುರಾಳಿ ತಂಡದ ಅಪ್ಪಂದಿರು ನನ್ನ ಕಡೆ ನೋಡಿ ಪಿಸುಗುಟ್ಟುತ್ತಿದ್ದರು. ನಾನು ನಾಲ್ಕು ಜನರ ಮುಂದೆ ಗಣ್ಯನಾದದ್ದು ಅದೇ ಮೊದಲು. ಬೇಡ ಎನ್ನುವಷ್ಟು ವೈರಾಗ್ಯ ನನಗಿರಲಿಲ್ಲ.

ಶ್ರೀವಿದ್ಯಾಗೆ ಫೋನಿನಲ್ಲಿ ಹೇಳಿದಾಗ ಅವಳು ನಂಬಲಿಲ್ಲ. “ನೀವು ಕೋಚಿಂಗ್ ಮಾಡ್ತಿದೀರಾ? ಚೆಂಡು ಯಾವ್ ಕಡೆ ಹೋದ್ರೆ ಗೋಲು ಅಂತ ಗೊತ್ತಾ ನಿಮ್ಗೆ?” ಎಂದಳು. ಅದೆಲ್ಲ ದಡ್ಡರಿಗೆ, ನಾನು ಒಟ್ಟಾರೆ ದರ್ಶನ ಒದಗಿಸುವವನು ಎಂದೆ. “ಆ ಮಗೂಗೆ ಎಲ್ಲರ ಮುಂದೆ ಮುಜುಗರ ಆಗುತ್ತೆ ಕಣ್ರೀ, ಬಾಯ್ ಮುಚ್ಕೊಂಡು ನಿಂತ್ಕೊಳಿ” ಎಂದಳು. ಹೆಂಡತಿ ಹೇಳಿದ್ದನ್ನು ಕೇಳುವುದು ನನ್ನ ಜಾಯಮಾನ. ಆದರೆ ಆ ಒಂದು ವಿಷಯದಲ್ಲಿ ನನಗೆ ಸಿಗ್ನಲ್ ಸಿಗಲಿಲ್ಲ.

ಆಪತ್ತು ಬಂದದ್ದು ಜುಲೈನಲ್ಲಿ, ಇಲ್ಲಿನ ನಡುಚಳಿಗಾಲದಲ್ಲಿ. ಬೇರೆ ಯಾವುದೋ ಮೈದಾನದಲ್ಲಿ ಆಫ್‌ಸೈಡಿನ ವಿಷಯಕ್ಕೆ ಇಬ್ಬರು ಅಪ್ಪಂದಿರು ಕಾಫಿ ಎರಚಾಡಿಕೊಂಡರಂತೆ. ಮಕ್ಕಳು ಆಟ ನಿಲ್ಲಿಸಿ ಅಪ್ಪಂದಿರ ಆಟ ನೋಡಿದರಂತೆ. ಕೂಡಲೇ ನಮ್ಮ ಕ್ಲಬ್ಬಿನವರು ಒಂದು ಶಾಸನ ಹೊರಡಿಸಿದರು. ಈ ಹಂಗಾಮು ಮುಗಿಯುವ ತನಕ ಗೆರೆಯಾಚೆ ನಿಂತವರು ಚಪ್ಪಾಳೆ ತಟ್ಟಬಹುದು, ಮಾತಾಡುವ ಹಾಗಿಲ್ಲ, ಮಾತು ಕೋಚಿಗೆ ಮಾತ್ರ. ಮುಂದಿನ ಶನಿವಾರ ಗೇಟಿನಲ್ಲೇ ಒಬ್ಬ ಅಜ್ಜಿ ಬುಟ್ಟಿ ಹಿಡಿದು ನಿಂತು, ಬಂದ ತಂದೆತಾಯಂದಿರಿಗೆಲ್ಲ ಬಾಯಲ್ಲಿಟ್ಟುಕೊಳ್ಳಲು ಒಂದೊಂದು ಲಾಲಿಪಾಪ್ ಹಂಚಿದರು. ನನಗೆ ಕಿತ್ತಳೆ ರುಚಿಯದು ಸಿಕ್ಕಿತು. ನಲವತ್ತೈದು ವರ್ಷದ ಗೃಹಸ್ಥ ಲಾಲಿಪಾಪ್ ಚೀಪುತ್ತಾ ನಿಂತೆ. ಹೊಟ್ಟೆಯೊಳಗೆ ವಾರದ ಸಮಾಚಾರವೆಲ್ಲ ಕೊಳೆಯುತ್ತಿತ್ತು. ಕೃಪಾ ಮಧ್ಯೆ ಮಧ್ಯೆ ನನ್ನ ಕಡೆ ನೋಡುತ್ತಿದ್ದಳು. ಹುಡುಗಿಯರು ಅವಳ ಕಡೆ ನೋಡುತ್ತಿದ್ದರು. ಆ ದಿನ ತಂಡ ಸೋತಿತು. ಕಾರಿನಲ್ಲಿ ಕೂತ ಕೂಡಲೇ ಅವಳು ಹೆಡ್‌ಫೋನ್ ಹಾಕಿಕೊಂಡಳು. ಸಂಜೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನಗೆ ಬಹಳ ಬೇಜಾರಾಯಿತು.

ಆ ವಾರದ ಮಧ್ಯದಲ್ಲಿ ಬ್ರೆಟ್ ಫೋನು ಮಾಡಿದ. ಅವನ ತಂಗಿಯ ಮದುವೆ, ಜಲಸಂಧಿ ದಾಟಿ ಆಚೆ ದ್ವೀಪಕ್ಕೆ ಹೋಗಬೇಕು, ಶನಿವಾರ ಇರುವುದಿಲ್ಲ. ಒಂದು ಪಂದ್ಯಕ್ಕೆ ನೀನೇ ಕೋಚ್ ಆಗು, ನಿನಗಿಂತ ತಿಳಿದವರು ನಮ್ಮಲ್ಲಿ ಯಾರಿದ್ದಾರೆ ಎಂದ. ಸಜ್ಜನನಾದವನು ಅಲ್ಲೇ ಸತ್ಯ ಹೇಳುತ್ತಿದ್ದ. ನನ್ನ ತಲೆಗೆ ಹೊಳೆದದ್ದು ಒಂದೇ, ಮಾತು ಕೋಚಿಗೆ ಮಾತ್ರ. ಒಪ್ಪಿಕೊಂಡೆ. ಊಟಕ್ಕೆ ಕೂತಾಗ ಕೃಪಾಗೆ ಹೇಳಿದರೆ ಅವಳು ಚಪಾತಿ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಆಮೇಲೆ ಅವಳು, ಅಪ್ಪಾ, ಬೇಡ ಅಂತ ಹೇಳಿಬಿಡು ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದಳು. ವಿನಯ, ತಾಯಿಯಿಂದ ಬಂದಿರಲಾರದು, ನನ್ನಿಂದಲೇ ಬಂದದ್ದು ಎಂದುಕೊಂಡೆ.

ಶನಿವಾರ ಕೊರಳಿಗೆ ಸೀಟಿ ತೂಗುಹಾಕಿಕೊಂಡು ಪಟ್ಟಾಭಿಷೇಕಕ್ಕೆ ಹೋದ ಹಾಗೆ ಹೋದೆ. ಲಾಲಿಪಾಪಿನ ಅಜ್ಜಿ ಬುಟ್ಟಿ ಮುಂದೆ ಹಿಡಿದಾಗ “ನಾನು ಕೋಚ್” ಎಂದು ದಾಟಿದೆ. ಆಟ ಶುರುವಾಯಿತು. ಉಳಿದ ಅಪ್ಪ ಅಮ್ಮಂದಿರ ಬಾಯಿಗೆ ಬೆಣೆ, ಇಡೀ ಕಣಿವೆಯಲ್ಲಿ ನನ್ನದೊಂದೇ ದನಿ. “ಕೃಪಾ, ಬಲಕ್ಕೆ ಹೋಗಮ್ಮ, ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ಳು, ಅವ್ಳಿಗೂ ಅಲ್ಲಿ ನಿದ್ದೆ ಬರ್ತಿಲ್ವಂತೆ” ಎಂದು ಪೀಠಿಕೆ ಹಾಕಿದ್ದೆ ಅಷ್ಟೇ. ಕ್ಲಬ್ಬಿನ ಹೆಂಗಸೊಬ್ಬಳು ನಗುನಗುತ್ತಾ ಬಂದಳು. ನಿಮ್ಮ ಭಾಷೆ ಬಹಳ ಸೊಗಸಾಗಿದೆ, ಆದರೆ ಕೋಚ್ ಆದವರು ತಂಡದ ಎಲ್ಲ ಮಕ್ಕಳಿಗೂ ತಿಳಿಯುವ ಹಾಗೆ ಮಾತಾಡಬೇಕು, ತನ್ನ ಮಗುವಿಗೆ ಮಾತ್ರ ಹೇಳಿದರೆ ಉಳಿದವರಿಗೆ ಅನ್ಯಾಯವಲ್ಲವೇ ಎಂದಳು. ಅವಳು ಹೇಳಿದ್ದು ನ್ಯಾಯವೇ. ತಪ್ಪು ಹುಡುಕುವುದೇ ಕಸುಬಾದ ನನಗೂ ಅದರಲ್ಲಿ ತಪ್ಪು ಸಿಗಲಿಲ್ಲ.

ಹಾಗಾಗಿ ಇಂಗ್ಲಿಷಿಗೆ ಬಂದೆ. ಇಂಗ್ಲಿಷಿನಲ್ಲಿ ಸೋದರತ್ತೆಯ ಮಂಡಿಯ ವಿಷಯ ಕೂಗಲಾಗುವುದಿಲ್ಲ. ಕೂಗಬೇಕಾದದ್ದು ಫುಟ್‌ಬಾಲು, ಅದು ನನ್ನಲ್ಲಿರಲಿಲ್ಲ. “ಗುಡ್” ಎಂದೆ. ಸ್ವಲ್ಪ ಹೊತ್ತು ಬಿಟ್ಟು “ವೆರಿ ಗುಡ್” ಎಂದೆ. ಎದುರಾಳಿಗಳು ಗೋಲು ಹೊಡೆದಾಗಲೂ ಬಾಯಿ ತಪ್ಪಿ ಅದನ್ನೇ ಅಂದೆ. ಹುಡುಗಿಯರು ಅಭ್ಯಾಸಬಲದಿಂದ ಕೃಪಾಳ ಕಡೆ ತಿರುಗುತ್ತಿದ್ದರು, ಆದರೆ ಈಗ ಕೇಳುವುದಕ್ಕೇನಿದೆ, ಅಪ್ಪ ಏನಂದ್ರು ಎಂದು ಎಲ್ಲರಿಗೂ ಕೇಳಿಸುತ್ತಿತ್ತು. ಎಲ್ಲರೂ ಚೆಂಡಿನ ಹಿಂದೆ ಗುಂಪಾಗಿ, ಪ್ರಸಾದ ಹಂಚುವಲ್ಲಿ ನುಗ್ಗಿದ ಹಾಗೆ ನುಗ್ಗಿದರು. ಅರ್ಧ ಆಟಕ್ಕೆ ಕಿತ್ತಳೆ ಹೋಳು ತಿನ್ನಲು ಬಂದ ಮಕ್ಕಳು ನನ್ನ ಸುತ್ತ ನಿಂತು ಬಾಯಿಬಿಟ್ಟುಕೊಂಡು ಕಾದರು. ನಾನು ಎಲ್ಲರಿಗೂ ಇನ್ನೊಂದೊಂದು ಹೋಳು ಕೊಟ್ಟೆ. ಎಷ್ಟು ಗೋಲಿನಲ್ಲಿ ಸೋತೆವು ಎಂದು ಹೇಳಲಾರೆ. ರೆಫರಿಯೂ ಕೊನೆಗೆ ಎಣಿಸುವುದನ್ನು ಬಿಟ್ಟಿದ್ದ. ಸೀನಾ ಗೋಲುಕಂಬಕ್ಕೆ ಒರಗಿ ಅತ್ತಳು. ಅವಳ ತಾಯಿ ತಾನು ಕೊಡುತ್ತಿದ್ದ ಕುರ್ಚಿಯನ್ನು ಮಡಚಿ ಕಾರಿಗೆ ಹಾಕಿಕೊಂಡಳು.

ಮನೆಗೆ ಬರುವ ದಾರಿಯಲ್ಲಿ ಕೃಪಾ ಹೆಡ್‌ಫೋನ್ ಹಾಕಿಕೊಳ್ಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಡೇರಿಯ (ಇಲ್ಲಿ ಬೀದಿ ಮೂಲೆಯ ಅಂಗಡಿಗೆ ಹಾಗೆನ್ನುತ್ತಾರೆ) ಮುಂದೆ ಕಾರು ನಿಲ್ಲಿಸಿ, ಐಸ್‌ಕ್ರೀಮ್ ಬೇಕಾ ಎಂದೆ. ಬೇಡ ಎಂದು ತಲೆಯಾಡಿಸಿದಳು. ಆಮೇಲೆ, ಎಂದೂ ಇಲ್ಲದ ಹಾಗೆ, ಒಂದರ ಹಿಂದೆ ಒಂದು ವಾಕ್ಯ ಬಂತು. ಎಲ್ಲ ಇಂಗ್ಲಿಷಿನಲ್ಲೇ, ಕಿಟಕಿಯ ಕಡೆ ಮುಖ ಮಾಡಿಕೊಂಡು. ನಾನು ಕನ್ನಡದಲ್ಲಿ ಕೂಗುತ್ತಿದ್ದಾಗ ಹುಡುಗಿಯರು ನಿಮ್ಮಪ್ಪ ಏನಂದ್ರು ಎಂದು ಕೇಳುತ್ತಿದ್ದರಂತೆ. ಆಗ ಅವಳು ತನಗೆ ತೋಚಿದ್ದನ್ನು ಹೇಳುತ್ತಿದ್ದಳಂತೆ. ಆ ಕಡೆಯ ಏಳನೇ ನಂಬರಿನವಳಿಗೆ ಎಡಗಾಲಿನಲ್ಲಿ ಒದೆಯಲು ಬರುವುದಿಲ್ಲ, ಅವಳನ್ನು ಎಡಕ್ಕೆ ತಳ್ಳಿ. ಇಬ್ಬರು ಹಿಂದೆಯೇ ನಿಲ್ಲಿ. ಕಾರ್ನರ್ ಬಂದಾಗ ದೂರದ ಕಂಬದ ಹತ್ತಿರ ಕಾಯಿರಿ. ಡ್ಯಾಡ್ ಹೇಳಿದರು ಎಂದರೆ ಎಲ್ಲರೂ ಕೇಳುತ್ತಿದ್ದರು. ಗೆದ್ದದ್ದೆಲ್ಲ ಹಾಗೆ.

ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ನನ್ನ ಮಗಳು ಆಟ ಓದುತ್ತಾಳೆ. ಈ ಕಣಿವೆಯಲ್ಲೇ ಬ್ರೆಟ್ ಕಂಡಿರದ ಆ ಮಹಾನುಭಾವ ಹಿಂದಿನ ಸೀಟಿನಲ್ಲಿ ಕೆಸರು ಬೂಟು ಹಾಕಿಕೊಂಡು ಕೂತಿದ್ದಾಳೆ. ಹೆಮ್ಮೆಯಿಂದ ಎದೆ ಉಬ್ಬಿತು.

“ಅಲ್ವೇ, ಅದನ್ನ ನೀನೇ ಹೇಳ್ಬಾರ್ದಾ? ನನ್ನ ಹೆಸರು ಯಾಕೆ?”

“ಐ ಡಿಡ್, ಲಾಸ್ಟ್ ಇಯರ್. ನೋ ಒನ್ ಹರ್ಡ್ ಮಿ.”

ಹೇಳಿದಳಂತೆ, ಯಾರೂ ಕಿವಿಗೊಡಲಿಲ್ಲವಂತೆ. ಎರಡು ಸಲ ಹೇಳಿ ಸುಮ್ಮನಾದಳಂತೆ. ಅವಳ ದನಿಯೇ ಸಣ್ಣದು. ಅಷ್ಟು ದೊಡ್ಡ ಮೈದಾನದಲ್ಲಿ ಅವಳೂ ಒಬ್ಬಳೇ ನಿಂತಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು, ಗೋಡೆಯ ಆಚೆಗೊಬ್ಬರು ಈಚೆಗೊಬ್ಬರು, ಮಾತಿಗೆ ಜನವಿಲ್ಲದೆ ಕೂತಿದ್ದೆವು. ಇರಲಿ, ಕೊನೆಗೆ ನನ್ನ ಮಾತಾದರೂ ಅವಳ ಕಿವಿಗೆ ಬಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡೆ.

“ಹೋಗ್ಲಿ ಬಿಡು. ನಿನ್ ಅತ್ತೆ ಮಂಡಿ ವಿಷ್ಯ ಹೇಳ್ದಾಗ ಏನಂತ ಹೇಳ್ದೆ ಅವ್ರಿಗೆ?”

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

“ವೈ, ವಾಟ್ ಹ್ಯಾಪನ್ಡ್ ಟು ಅತ್ತೆ?”

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಅವಳ ಕಿವಿಗೆ ಬಿದ್ದಿರಲಿಲ್ಲ. ಆಟ ನಡೆಯುತ್ತಿತ್ತಲ್ಲ, ನೀನು ಯಾವಾಗ ನಿಲ್ಲಿಸುತ್ತೀಯ ಎಂದು ಕಾಯುತ್ತಿದ್ದೆ, ಅಷ್ಟೇ ಎಂದಳು. ಬೇಸರ ಮಾಡುವ ಉದ್ದೇಶ ಅವಳಿಗಿರಲಿಲ್ಲ, ಇದ್ದದ್ದನ್ನು ಹೇಳಿದಳು. ನಾನು ಡೇರಿಗೆ ಹೋಗಿ ಐಸ್‌ಕ್ರೀಮ್ ತಂದೆ, ಇಬ್ಬರೂ ತಿಂದೆವು. ಹೊರಗೆ ದಕ್ಷಿಣದ ಕೊರೆಯುವ ಗಾಳಿ ಕಾರನ್ನು ಅಲುಗಾಡಿಸುತ್ತಿತ್ತು. ಅಂಥ ಚಳಿಯಲ್ಲಿ ಐಸ್‌ಕ್ರೀಮ್ ತಿನ್ನಿಸಿದ್ದಕ್ಕೆ ರಾತ್ರಿ ಶ್ರೀವಿದ್ಯಾಳಿಂದ ಫೋನಿನಲ್ಲಿ ಬೈಸಿಕೊಂಡೆ. ಕಿವಿಗೆ ಹಿತವಾಗಿತ್ತು.

ಮುಂದಿನ ಶನಿವಾರ ಬ್ರೆಟ್ ಮದುವೆ ಮುಗಿಸಿ ಬಂದಿದ್ದ. ನಾನು ಮತ್ತೆ ಗೆರೆಯಾಚೆಯ ಸಾಮಾನ್ಯ ಪ್ರಜೆ. ಎರಡು ಪಂದ್ಯ ಸೋತಾಗಿದೆ, ಇದನ್ನೂ ಸೋತರೆ ತಂಡ ಕೆಳಗಿನ ದರ್ಜೆಗೆ ಹೋಗುತ್ತದೆ ಎಂದು ಎಲ್ಲರ ಮುಖವೂ ಬಾಡಿತ್ತು. ಕಾರಿನಿಂದ ಇಳಿಯುವ ಮೊದಲು ಕೃಪಾ ಬೂಟಿನ ದಾರ ಕಟ್ಟುತ್ತಾ ಕೂತಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ತಲೆಯೆತ್ತದೆಯೇ, ತಿಂಗಳುಗಳಲ್ಲಿ ಮೊದಲ ಬಾರಿಗೆ, ಇಂಗ್ಲಿಷನ್ನು ಆದಷ್ಟು ದೂರವಿಟ್ಟು ನನ್ನ ಭಾಷೆಯಲ್ಲಿ ಮಾತಾಡಿದಳು.

“ಅಪ್ಪಾ, ನೀನು ಬಾಯಿ ಮಾತ್ರ ಆಡ್ಸು. ಕೈ ಕೂಡ ಆಡ್ಸು. ಸೌಂಡ್ ಬೇಡ.”

ಕನ್ನಡ ಕೇಳಿದ ಆನಂದದಲ್ಲಿ ಅವಳು ಏನು ಕೇಳುತ್ತಿದ್ದಾಳೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಆಯಿತಮ್ಮ ಎಂದೆ.

ಗೇಟಿನಲ್ಲಿ ಲಾಲಿಪಾಪ್ ತೆಗೆದುಕೊಂಡು ಜೇಬಿಗೆ ಹಾಕಿದೆ. ಗೆರೆಯ ಹತ್ತಿರ ನಿಂತೆ. ಆಟ ಶುರುವಾಗಿ ನಮ್ಮವರು ಗೊಂದಲಕ್ಕೆ ಬಿದ್ದ ಕೂಡಲೇ ಕೃಪಾ ನನ್ನ ಕಡೆ ನೋಡಿದಳು. ನಾನು ಕೈ ಬೀಸಿ, ಶಬ್ದವಿಲ್ಲದೆ ಬಾಯಿ ಆಡಿಸತೊಡಗಿದೆ. ಸುಮ್ಮನೆ ಬಾಯಿ ಆಡಿಸುವುದು ಅಷ್ಟು ಸುಲಭವಲ್ಲ, ಏನಾದರೂ ಹೇಳಲೇಬೇಕಾಗುತ್ತದೆ. ಮೊದಲು ಒಂದರಿಂದ ಇಪ್ಪತ್ತು ಎಣಿಸಿದೆ. ಆಮೇಲೆ ಮೈಸೂರಿನ ಬಸ್ ಸ್ಟಾಪುಗಳ ಹೆಸರು ಹೇಳಿದೆ. ಅವಳು ಪ್ರತಿ ಸಲವೂ ತಲೆಯಾಡಿಸಿ, ತಿರುಗಿ, ಡ್ಯಾಡ್ ಹೀಗೆ ಹೇಳ್ತಿದಾರೆ ಎಂದು ಕೂಗುತ್ತಿದ್ದಳು. ಅವಳ ದನಿ ಇಡೀ ಮೈದಾನಕ್ಕೆ ಕೇಳಿಸುತ್ತಿತ್ತು. ಹುಡುಗಿಯರು ಓಡುತ್ತಿದ್ದರು. ಕ್ಲಬ್ಬಿನ ಹೆಂಗಸು ನನ್ನ ಪಕ್ಕದಲ್ಲೇ ಬಂದು ನಿಂತು, ಕಿವಿಗೊಟ್ಟು ಕೇಳಿ, ಏನೂ ಕೇಳಿಸದೆ ಹಿಂದೆ ಹೋದಳು.

ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮ. ಕೃಪಾ ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತಾ ನನ್ನನ್ನೇ ನೋಡಿದಳು. ನನ್ನ ಬಸ್ ಸ್ಟಾಪುಗಳೆಲ್ಲ ಮುಗಿದಿದ್ದವು. ಸದ್ದಿಲ್ಲ, ಕೇಳುವವರಿಲ್ಲ ಎಂದಾದ ಮೇಲೆ ಮುಚ್ಚುಮರೆ ಯಾಕೆ. ಕೈ ಬೀಸಿಕೊಂಡೇ ಹೇಳಿದೆ. ಪುಟ್ಟಿ, ನಿಮ್ಮಮ್ಮ ಇಲ್ಲದೆ ಆ ಮನೇಲಿ ಕೂತು ಕೂತು ನಂಗೆ ಸಾಕಾಗಿದೆ ಕಣೆ. ದಿನಾ ಒಂದ್ ಐದು ನಿಮಿಷ ನನ್ ಜೊತೆ ಮಾತಾಡ್ತೀಯಾ? ಏನ್ ಬೇಕಾದ್ರೂ ಮಾತಾಡು. ಇಂಗ್ಲಿಷಲ್ಲಾದ್ರೂ ಪರವಾಗಿಲ್ಲ.

ಅವಳು ಗಂಭೀರವಾಗಿ ತಲೆಯಾಡಿಸಿದಳು. ತಿರುಗಿ, ಕೈ ಮೇಲೆತ್ತಿ, “ಡ್ಯಾಡ್ ಸೇಸ್ ಪುಶ್ ಅಪ್! ಎವ್ರಿವನ್!” ಎಂದು ಕೂಗಿದಳು. ಎಲ್ಲರೂ ಎದುರು ಗೋಲಿನ ಕಡೆ ಓಡಿದರು, ಅವಳು ಎಲ್ಲರಿಗಿಂತ ಮುಂದೆ ಓಡಿದಳು. ನಮ್ಮ ಅರ್ಧ ಮೈದಾನ ಖಾಲಿಯಾಗಿ, ಗೋಲಿನಲ್ಲಿ ಸೀನಾ, ಗೆರೆಯ ಮೇಲೆ ನಾನು, ಇಬ್ಬರೇ ಉಳಿದೆವು. ದೂರದಲ್ಲಿ ಗೋಲಾಯಿತು. ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

ಬ್ರೆಟ್ ಓಡಿಬಂದು ನನ್ನ ಕೈ ಹಿಡಿದು ಕುಲುಕಿದ. ಎಷ್ಟು ಸರಿಯಾದ ಹೊತ್ತಿಗೆ ಎಷ್ಟು ಸರಿಯಾದ ಮಾತು ಹೇಳಿದೆ ಎಂದ. ಮುಂದಿನ ವಾರ ಅಭ್ಯಾಸದಲ್ಲಿ ಎಲ್ಲ ಮಕ್ಕಳಿಗೂ ಕಲಿಸುತ್ತೇನೆ, ಕನ್ನಡದಲ್ಲಿ ನೀನು ಹೇಳಿದ್ದು ನಿಜವಾಗಿ ಏನು ಎಂದು ಕೇಳಿದ. ನನಗೂ ಗೊತ್ತಿಲ್ಲ, ಕೃಪಾಳನ್ನೇ ಕೇಳು ಎಂದೆ.